ಮೀನಿನ ಬೆನ್ನ ಹಿಂದೆ ಯಾವ ಬಣ್ಣ?

ಅಕ್ವೇರಿಯಂ ಅಂಗಡಿಗೆ ಹೋದವರು ಟ್ಯಾಂಕ್ ಎಷ್ಟು ಅಡಿ ಇರಬೇಕು ಅಂತ ಅರ್ಧ ಗಂಟೆ ಮಾತಾಡ್ತಾರೆ. ಫಿಲ್ಟರ್ ಯಾವುದು, ಲೈಟ್ ಎಷ್ಟು ವ್ಯಾಟ್, ಗಪ್ಪಿ ತಗೊಳ್ಳೋದಾ ಟೆಟ್ರಾನಾ ಅಂತ ಮನೆಮಂದಿಯೆಲ್ಲ ಚರ್ಚೆ ಮಾಡ್ತಾರೆ. ಬಿಲ್ ಆದ ಮೇಲೆ ಅಂಗಡಿಯವರು ಒಂದು ರೋಲ್ ಬಿಚ್ಚಿ ಕೇಳ್ತಾರೆ: "ಹಿಂದೆ ಯಾವುದು ಹಾಕ್ಲಿ ಮೇಡಂ? ಹವಳದ್ದಾ, ಗಿಡದ್ದಾ?" ಐದು ಸೆಕೆಂಡಿನಲ್ಲಿ ಒಂದಕ್ಕೆ ಬೆರಳು ತೋರಿಸಿ ನಾವು ಆಟೋ ಹತ್ತಿರುತ್ತೇವೆ.

ಈ ಸಲದ ಅಂಕಣ ಆ ಐದು ಸೆಕೆಂಡಿನ ಬಗ್ಗೆ. ಯಾಕೆಂದರೆ ಫಿಲ್ಟರ್ ಬದಲಾಯಿಸಬಹುದು, ಗಿಡ ಕಿತ್ತು ಬೇರೆ ನೆಡಬಹುದು. ಹಿಂಬದಿಯ ಬಣ್ಣ ಮಾತ್ರ ಒಮ್ಮೆ ಅಂಟಿಸಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಮೀನು ಅದರ ಮುಂದೆಯೇ ಬದುಕಬೇಕು, ನಾವು ಅದರ ಮುಂದೆಯೇ ಮೀನನ್ನು ನೋಡಬೇಕು.

ಮೊದಲು ಒಂದು ಸಣ್ಣ ಪ್ರಶ್ನೆ. ಗಾಜಿನ ಪೆಟ್ಟಿಗೆ ಬರುವ ಮುಂಚೆ ನಮ್ಮ ಜನ ಮೀನನ್ನು ಹೇಗೆ ನೋಡುತ್ತಿದ್ದರು? ಮೇಲಿನಿಂದ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ಬಾವಿಕಟ್ಟೆಗೆ ಬಗ್ಗಿ, ಹೊಳೆ ದಂಡೆಯಲ್ಲಿ ನಿಂತು. ನಮ್ಮೂರು ತೀರ್ಥಹಳ್ಳಿ ಕಡೆ. ಅಲ್ಲಿಗೆ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿದವರಿಗೆ ಆ ನೋಟ ಗೊತ್ತು. ಮಡುವಿನ ಕಪ್ಪು ನೀರಿನೊಳಗಿಂದ ಮೊದಲು ನೆರಳು ಏಳುತ್ತದೆ, ಆಮೇಲೆ ಮೀನು. ಅಲ್ಲಿ ಮೀನಿನ 'ಬ್ಯಾಕ್‌ಗ್ರೌಂಡ್' ಅಂದರೆ ಹೊಳೆಯ ತಳ.

ಮೀನನ್ನು ಪಕ್ಕದಿಂದ ನೋಡುವ ಅಭ್ಯಾಸ ನಮಗೆ ಮಾಡಿಸಿದ್ದು ಗಾಜಿನ ಟ್ಯಾಂಕ್. ಲಂಡನ್‌ನ ರೀಜೆಂಟ್ಸ್ ಪಾರ್ಕಿನ ಪ್ರಾಣಿ ಸಂಗ್ರಹಾಲಯದಲ್ಲಿ 1853ರಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆಯಿತು. ಮರುವರ್ಷ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕದಿಂದ ಆ ಹೆಸರೇ ಮನೆಮಾತಾಯಿತು. ಅಂದರೆ ಮಲಗಿದ್ದ ಹೊಳೆಯ ತಳವನ್ನು ಎತ್ತಿ, ಮೀನಿನ ಬೆನ್ನ ಹಿಂದೆ ಗೋಡೆಯ ಹಾಗೆ ನಿಲ್ಲಿಸಿದ ಲೆಕ್ಕ. ಅಂಗಡಿಯವರು ಬಿಚ್ಚುವ ರೋಲ್ ತುಂಬಬೇಕಾಗಿರುವುದು ಆ ತಳದ ಜಾಗವನ್ನು. ಇಷ್ಟು ಅರ್ಥವಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಇನ್ನರ್ಧ ನಮ್ಮ ಮನೆಯಲ್ಲಿ ಹೇಗೆ ಮುಗಿಯಿತು ಅಂತ ಹೇಳ್ತೀನಿ.

ಅಪ್ಪನಿಗೆ ಗ್ಲಾಕೋಮಾ. ಕಣ್ಣಿನಿಂದ ಮೆದುಳಿಗೆ ಹೋಗುವ ನರ ನಿಧಾನಕ್ಕೆ ಹಾಳಾಗುವ ಕಾಯಿಲೆ ಅದು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ದಿನವೂ ಡ್ರಾಪ್ಸ್ ಹಾಕಿ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ಅಷ್ಟೇ. ಗೊತ್ತಾದ ಮೇಲೆ ಅಪ್ಪ ಅಮ್ಮ ಊರಿನ ಮನೆಗೆ ಬೀಗ ಹಾಕಿ ಬೆಂಗಳೂರಿನ ನನ್ನ ಫ್ಲ್ಯಾಟಿಗೆ ಬಂದರು. ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು ಅಪ್ಪ. ಇಲ್ಲಿ ಏಳನೇ ಮಹಡಿ. ಬಾಲ್ಕನಿಯಿಂದ ಕೆಳಗೆ ನೋಡಿದರೆ ಅವರಿಗೆ ಕಾಣುವುದು ಬರೀ ಮಸುಕು. ಪೇಪರ್ ಓದುವುದು ಕಷ್ಟವಾಗಿತ್ತು, ಟಿವಿ ಅವರಿಗೆ ಮೊದಲಿಂದಲೂ ಆಗಿಬರಲ್ಲ. ಅವರ ಅರವತ್ತೆಂಟನೇ ಹುಟ್ಟುಹಬ್ಬಕ್ಕೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಬಂತು. ಜೊತೆಗೆ ಹನ್ನೆರಡು ನಿಯಾನ್ ಟೆಟ್ರಾ. ಹವಳದ ಪೋಸ್ಟರ್ ಟ್ಯಾಂಕಿಗೆ ಅಂಟಿಕೊಂಡೇ ಬಂದಿತ್ತು.

ಪ್ಲಗ್ ಪಾಯಿಂಟ್ ಮತ್ತು ಅಪ್ಪನ ಕುರ್ಚಿ ಎರಡೂ ಹೊಂದುವ ಜಾಗ ಹಾಲ್‌ನಲ್ಲಿ ಒಂದೇ: ಬಾಲ್ಕನಿ ಗಾಜಿನ ಬಾಗಿಲ ಪಕ್ಕ. ಬೆಳಗ್ಗೆ ಕಾಫಿ ಕುಡಿದು ಅಪ್ಪ ಅಲ್ಲಿ ಕೂತು ಮೀನು ಎಣಿಸುತ್ತಿದ್ದರು. ಲೆಕ್ಕದ ಮನುಷ್ಯ, ಸುಮ್ಮನೆ ನೋಡೋಕೆ ಬರಲ್ಲ. ಒಂದು ದಿನ ಒಂಬತ್ತು ಬರುತ್ತಿತ್ತು, ಇನ್ನೊಂದು ದಿನ ಏಳು.

"ಎಂತ ಮಾರಾಯ್ತಿ, ಇವು ದಿನಾ ಸಾಯ್ತಾವಲ್ಲ" ಅಂದರು ಒಂದು ಬೆಳಗ್ಗೆ.

ನಾನು ಹೋಗಿ ಎಣಿಸಿದೆ. ಹನ್ನೆರಡೂ ಇದ್ದವು. "ಇದಾವೆ ಅಪ್ಪ, ಎಲ್ಲ ಸರಿ ಇದಾವೆ" ಅಂದೆ. ಅವರು ಏನೂ ಮಾತಾಡಲಿಲ್ಲ. ಮರುದಿನದಿಂದ ಎಣಿಸುವುದನ್ನೇ ಬಿಟ್ಟರು. ಕುರ್ಚಿಯಲ್ಲಿ ಕೂರುತ್ತಿದ್ದರು, ಆದರೆ ಮುಖ ಬೇರೆ ಕಡೆ ಇರುತ್ತಿತ್ತು.

ಡಾಕ್ಟರ್ ಹತ್ತಿರ ಮಾತಾಡುವಾಗ ಒಂದು ವಿಷಯ ಗೊತ್ತಾಯಿತು. ಗ್ಲಾಕೋಮಾದಲ್ಲಿ ಪಕ್ಕದ ನೋಟ ಕಿರಿದಾಗುವುದು ಮಾತ್ರವಲ್ಲ, ಕಾಂಟ್ರಾಸ್ಟ್ ಗುರುತಿಸುವ ಶಕ್ತಿಯೂ ಕಡಿಮೆಯಾಗುತ್ತದೆ. ಬಿಳಿ ತಟ್ಟೆಯಲ್ಲಿ ಅನ್ನ ಕಾಣಲ್ಲ, ಬಾಳೆಲೆಯಲ್ಲಿ ಕಾಣುತ್ತದೆ. ಮೆಟ್ಟಿಲಿನ ಅಂಚು ಕಾಣಲ್ಲ, ಬಣ್ಣದ ಪಟ್ಟಿ ಹೊಡೆದರೆ ಕಾಣುತ್ತದೆ. ಹಾಗಾದರೆ ನೀಲಿ, ಕೆಂಪು, ಹಳದಿ ಹವಳಗಳ ಜಾತ್ರೆಯ ಮುಂದೆ ಬೆರಳಿನ ಅರ್ಧದಷ್ಟೂ ಇಲ್ಲದ, ನೀಲಿ ಕೆಂಪು ಪಟ್ಟಿಯದೇ ಮೀನು ಹೇಗೆ ಕಾಣಬೇಕು? ಅಲ್ಲಿ ಎರಡು ಕಣ್ಣೂ ಚೆನ್ನಾಗಿರುವ ನಾನೇ ಎರಡು ಸಲ ಎಣಿಸಬೇಕಿತ್ತು.

ಹಿಂಬದಿಯ ಬಣ್ಣದ ವಿಷಯವನ್ನು ನಾನು ಸೀರಿಯಸ್ಸಾಗಿ ಓದೋಕೆ ಶುರು ಮಾಡಿದ್ದು ಆಗ. ಓದಿದ್ದರಲ್ಲಿ ನಿಮಗೆ ಉಪಯೋಗಕ್ಕೆ ಬರುವಷ್ಟನ್ನು ಹೇಳ್ತೀನಿ.

ಮೊದಲನೆಯದು ಮೀನಿನ ಕಡೆಯಿಂದ. ಸುತ್ತಲೂ ಗಾಜಿರುವ ಟ್ಯಾಂಕಿನಲ್ಲಿ ಮೀನಿಗೆ ಬೆನ್ನು ಕೊಡೋಕೆ ಜಾಗವೇ ಇರಲ್ಲ. ಹಿಂದಿನಿಂದ ಯಾರಾದರೂ ನಡೆದರೆ ಸಣ್ಣ ಮೀನುಗಳು ಬೆದರಿ ಓಡುತ್ತವೆ. ಹಾಲ್ ಮತ್ತು ಊಟದ ಕೋಣೆ ನಡುವೆ ಪಾರ್ಟಿಷನ್ ಥರ ಟ್ಯಾಂಕ್ ಇಟ್ಟವರು ಇದನ್ನು ನೋಡಿರ್ತೀರಿ. ಒಂದು ಬದಿಯಾದರೂ ಪೂರ್ತಿ ಮುಚ್ಚಿದರೆ ಅವು ಮುಂದೆ ಬಂದು ಆಡುತ್ತವೆ. ಬೆನ್ನಿಗೊಂದು ಗೋಡೆ ಬೇಕು ಅನ್ನೋದು ಮನುಷ್ಯರಿಗೆ ಮಾತ್ರ ಅಲ್ಲ.

ಎರಡನೆಯದು, ಮೀನು ತನ್ನ ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ಅಲ್ಲ, ಆದರೆ ತುಂಬಾ ಮೀನುಗಳು ಮಾಡುತ್ತವೆ. ಚರ್ಮದಲ್ಲಿರುವ ಮೆಲನೊಫೋರ್ ಎಂಬ ಕೋಶಗಳ ಒಳಗೆ ಕಪ್ಪು ಕಣಗಳಿರುತ್ತವೆ. ಅವು ಹರಡಿಕೊಂಡರೆ ಮೀನು ಗಾಢ, ನಡುವಿಗೆ ಸೇರಿಕೊಂಡರೆ ಪೇಲವ. ಫ್ರಾನ್ಸಿಸ್ ಸಮ್ನರ್ ಎಂಬ ಅಮೆರಿಕದ ಜೀವವಿಜ್ಞಾನಿ 1930ರ ದಶಕದಲ್ಲಿ ಗಂಬೂಸಿಯಾ ಮೀನುಗಳನ್ನು ಕಪ್ಪು ಮತ್ತು ಬಿಳಿ ತೊಟ್ಟಿಗಳಲ್ಲಿ ಸಾಕಿದರು. ನಮ್ಮ ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗಳಿಗೆ ಬಿಡುತ್ತಾರಲ್ಲ, ಅದೇ ಗಂಬೂಸಿಯಾ. ಕಪ್ಪು ತೊಟ್ಟಿಯವು ಕಪ್ಪಾದವು, ಬಿಳಿ ತೊಟ್ಟಿಯವು ಬಿಳಿಚಿಕೊಂಡವು. ಎರಡನ್ನೂ ಬೆರೆಸಿ ಪೆಂಗ್ವಿನ್ ಮುಂದೆ ಬಿಟ್ಟಾಗ, ತೊಟ್ಟಿಯ ಬಣ್ಣಕ್ಕೆ ಹೊಂದದ ಮೀನುಗಳೇ ಹೆಚ್ಚು ಬಲಿಯಾದವು. ಬಣ್ಣ ಬದಲಿಸುವುದು ಮೀನಿಗೆ ಅಲಂಕಾರ ಅಲ್ಲ, ಜೀವದ ಪ್ರಶ್ನೆ. ಬಿಳಿ ಹಿನ್ನೆಲೆ, ಬಿಳಿ ಮರಳು ಹಾಕಿ "ಅಂಗಡಿಯಲ್ಲಿ ಇದ್ದ ಬಣ್ಣ ಮನೆಗೆ ಬಂದ ಮೇಲೆ ಇಲ್ಲ" ಅಂತ ದೂರುವವರು ಇದನ್ನೂ ಒಮ್ಮೆ ಯೋಚಿಸಬೇಕು.

ಮೂರನೆಯದು, ಪಿಯುಸಿ ಫಿಸಿಕ್ಸ್. ನೀರಿನ ವಕ್ರೀಭವನ ಸೂಚ್ಯಂಕ 1.33. ಹಾಗಾಗಿ ಎದುರಿನಿಂದ ನೇರ ನೋಡಿದರೆ 12 ಇಂಚಿನ ಟ್ಯಾಂಕ್ 9 ಇಂಚು ಆಳವಿರುವಂತೆ ಕಾಣುತ್ತದೆ. ಅಂದರೆ ನೀವು ಅಂಟಿಸಿದ 'ಅಗಾಧ ಸಾಗರ'ದ ಚಿತ್ರ ಇನ್ನೂ ಮೂರು ಇಂಚು ಮುಂದಕ್ಕೆ ಬಂದು ನಿಂತಿರುತ್ತದೆ. ಚಿತ್ರ ಇದ್ದಲ್ಲಿ ಕಣ್ಣು ಹೋಗಿ ನಿಲ್ಲುತ್ತದೆ, ಇದು ಗೋಡೆ ಅಂತ ಗೊತ್ತಾಗುತ್ತದೆ. ಚಿತ್ರವೇ ಇಲ್ಲದ ಗಾಢ ಬಣ್ಣದಲ್ಲಿ ಕಣ್ಣಿಗೆ ನಿಲ್ಲೋಕೆ ಜಾಗ ಸಿಗಲ್ಲ. ಅದಕ್ಕೇ ಸಣ್ಣ ಟ್ಯಾಂಕಿಗೆ ಕಪ್ಪು ಬಳಿದರೆ ಆಳ ಹೆಚ್ಚಾದಂತೆ ಅನಿಸುವುದು.

ಹಾಗಂತ ಕಪ್ಪೇ ಎಲ್ಲರಿಗೂ ಉತ್ತರ ಅಂತ ಅಲ್ಲ. ಗಿಡಗಳನ್ನೇ ಮುಖ್ಯವಾಗಿಟ್ಟು ಟ್ಯಾಂಕ್ ಕಟ್ಟುವ ಕಲೆಗೆ ಜಗತ್ತಿನಾದ್ಯಂತ ಹೆಸರು ತಂದವರು ಜಪಾನಿನ ತಕಾಶಿ ಅಮಾನೊ (1954–2015). ಅವರ ಶೈಲಿಯ ಟ್ಯಾಂಕ್‌ಗಳಲ್ಲಿ ಹಿಂದೆ ಬಿಳಿ ಅಥವಾ ಮಂಜಿನಂಥ ಫಿಲ್ಮ್ ಇರುವುದು ಹೆಚ್ಚು. ಕಲ್ಲು ಮತ್ತು ಹುಲ್ಲಿನ ಹಿಂದೆ ಬೆಳಗಿನ ಆಕಾಶ ಇದ್ದ ಹಾಗೆ. ಅಲ್ಲಿ ನಾಯಕ ಗಿಡ, ಮೀನು ಆಮೇಲೆ. ಸಮುದ್ರದ ಮೀನು ಸಾಕುವವರಿಗೆ ಕಡು ನೀಲಿ ಒಪ್ಪುತ್ತದೆ, ತೆರೆದ ನೀರಿನ ಭಾವ ಕೊಡುತ್ತದೆ. ನಿಯಾನ್ ಟೆಟ್ರಾದ ಮೂಲ ಅಮೆಜಾನ್ ಕಾಡಿನ ತೊರೆಗಳು. ಉದುರಿದ ಎಲೆಗಳ ಮೇಲೆ ಹರಿಯುವ, ಮರದ ನೆರಳಿನ ನೀರು. ಅದಕ್ಕೆ ಗಾಢ ಹಿನ್ನೆಲೆಯೇ ತವರು. ಆಫೀಸಿನಲ್ಲಿ ನಾವು ಡಾರ್ಕ್ ಮೋಡ್ ಹಾಕಿಕೊಳ್ಳುವುದು ಇಷ್ಟಕ್ಕೆ, ಟೆಟ್ರಾಗೆ ಅದು ಊರು.

ಇನ್ನು ತ್ರೀಡಿ ಬ್ಯಾಕ್‌ಗ್ರೌಂಡ್. ಬಂಡೆಯ ಥರ ಕಾಣುವ ಫೋಮ್ ಹಲಗೆ, ಟ್ಯಾಂಕಿನ ಒಳಗೇ ಅಂಟಿಸುವಂಥದ್ದು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಇದ್ದರೆ ನಿಜಕ್ಕೂ ಚೆನ್ನಾಗಿರುತ್ತದೆ. ಒಂದು ಅಡಿ ಅಗಲದಲ್ಲಿ ಅದೇ ಎರಡು ಮೂರು ಇಂಚು ತಿಂದರೆ ಮೀನಿಗೆ ಉಳಿಯುವುದೆಷ್ಟು? ಹಲಗೆಯ ಅಂಚುಗಳನ್ನು ಅಕ್ವೇರಿಯಂಗೆಂದೇ ಇರುವ ಸಿಲಿಕೋನ್‌ನಿಂದ ಪೂರ್ತಿ ಮುಚ್ಚಬೇಕು. ಬಾತ್‌ರೂಮಿನ ಬೂಸ್ಟು ತಡೆಯುವ ಸಿಲಿಕೋನ್ ಬೇಡವೇ ಬೇಡ, ಅದರಲ್ಲಿರುವ ರಾಸಾಯನಿಕ ಮೀನಿಗೆ ವಿಷ. ಸಂದಿ ಉಳಿದರೆ ಸಣ್ಣ ಮೀನು ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ, ಕಸ ಕೊಳೆಯುತ್ತದೆ.

ಇಷ್ಟೆಲ್ಲ ಓದಿಯೂ ನಾನು ಮನೆಯಲ್ಲಿ ತೀರ್ಪು ಕೊಡೋಕೆ ಹೋಗಲಿಲ್ಲ. ಸ್ಟೇಷನರಿ ಅಂಗಡಿಯಿಂದ ಕಪ್ಪು, ಕಡು ನೀಲಿ, ಬಿಳಿ ಚಾರ್ಟ್ ಪೇಪರ್ ತಂದೆ. ಪೋಸ್ಟರ್ ತೆಗೆದು ಒಂದೊಂದನ್ನು ಮೂರು ಮೂರು ದಿನ ಟೇಪ್ ಹಾಕಿ ನಿಲ್ಲಿಸಿದೆ. ಆಫೀಸ್ ಭಾಷೆಯಲ್ಲಿ ಇದು ಎ/ಬಿ ಟೆಸ್ಟ್, ಖರ್ಚು ಮಾತ್ರ ಒಂದು ಮಸಾಲೆದೋಸೆಗಿಂತ ಕಡಿಮೆ. ಅಪ್ಪನಿಗೆ ಏನೂ ಹೇಳಲಿಲ್ಲ, ಎಣಿಸಿ ಅಂತಲೂ ಕೇಳಲಿಲ್ಲ.

ಬಿಳಿಯ ದಿನಗಳಲ್ಲಿ ಅವರು ಕಣ್ಣು ಕಿರಿದು ಮಾಡಿ ಕುರ್ಚಿ ತಿರುಗಿಸಿಕೊಂಡರು, ಪೇಪರ್ ದಾಟಿ ಬರುವ ಬಾಲ್ಕನಿಯ ಬೆಳಕು ಚುಚ್ಚುತ್ತಿತ್ತು. ನೀಲಿಗೆ "ಪರವಾಗಿಲ್ಲ" ಅಂದರು. ಕಪ್ಪು ಹಾಕಿದ ಎರಡನೇ ದಿನ ಬೆಳಗ್ಗೆ ನಾನು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಳ್ಳುತ್ತಿದ್ದೆ. ಕುರ್ಚಿಯಿಂದ ಧ್ವನಿ ಬಂತು: "ಮಗಾ, ಹನ್ನೆರಡು ಉಂಟಲ್ಲ!"

ಆಮೇಲೆ ಸ್ವಲ್ಪ ತಡೆದು ಹೇಳಿದರು: "ಮಡುವಿನ ಹಾಗೆ ಕಾಣ್ತದೆ ಈಗ."

ದೃಷ್ಟಿ ಏನೂ ಸುಧಾರಿಸಿರಲಿಲ್ಲ. ಮುಂದಿನ ತಪಾಸಣೆಯ ರಿಪೋರ್ಟ್ ಹಿಂದಿನದರಂತೆಯೇ ಇತ್ತು. ಇದ್ದ ದೃಷ್ಟಿಗೆ ಎಟುಕುವಷ್ಟು ಹತ್ತಿರಕ್ಕೆ ಮೀನು ಬಂದಿತ್ತು, ಅಷ್ಟೇ.

ಅಮ್ಮನ ಆಕ್ಷೇಪ ಬೇರೆ. "ಹಾಲ್‌ನಲ್ಲಿ ಎಂತಕ್ಕೆ ಕಪ್ಪು? ಬಾಲ್ಕನಿಯಿಂದ ನೋಡಿದ್ರೆ ಒಲೆ ಹಿಂದಿನ ಗೋಡೆ ಥರ ಕಾಣ್ತದೆ" ಅಂದರು. ನ್ಯಾಯವಾದ ಮಾತು. ನಮ್ಮ ಟ್ಯಾಂಕಿನ ಬೆನ್ನು ಗೋಡೆಗಲ್ಲ, ಬಾಲ್ಕನಿಗೆ. ತುಳಸಿಗೆ ನೀರು ಹಾಕುವಾಗ ದಿನಾ ಅದನ್ನು ನೋಡುವವರು ಅಮ್ಮ. ಪರಿಹಾರ ಪೇಂಟ್ ಡಬ್ಬದಲ್ಲೇ ಇತ್ತು. ಗಾಜಿನ ಹೊರಮೈಗೆ ಮೊದಲು ಕಪ್ಪು ಬಳಿದು, ಅದು ಪೂರ್ತಿ ಒಣಗಿದ ಮೇಲೆ ಅದರ ಮೇಲೆಯೇ ಕೆನೆ ಬಣ್ಣ ಬಳಿದೆವು. ಒಳಗಿನಿಂದ ಮಡು, ಹೊರಗಿನಿಂದ ಅಮ್ಮನ ಗೋಡೆ. ಮೂಲೆಯಲ್ಲಿ ಅವರು ಸಣ್ಣದೊಂದು ರಂಗೋಲಿಯನ್ನೂ ಬಿಡಿಸಿದ್ದಾರೆ.

ನೀವೂ ಬಳಿಯುವುದಾದರೆ ಕೆಲವು ಮಾತು. ಬಣ್ಣ ಯಾವಾಗಲೂ ಗಾಜಿನ ಹೊರಮೈಗೆ, ಒಳಗೆ ಎಂದಿಗೂ ಬೇಡ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಸಾಕು, ವಾಸನೆ ಕಡಿಮೆ, ಬೇಡವಾದಾಗ ಬ್ಲೇಡಿನಿಂದ ಕೆರೆದು ತೆಗೆಯಬಹುದು. ಗಾಜನ್ನು ಎಣ್ಣೆ ಪಸೆ ಹೋಗುವಂತೆ ಒರೆಸಿ, ಅಂಚಿಗೆ ಟೇಪ್ ಹಾಕಿ, ಸ್ಪಾಂಜ್ ರೋಲರ್‌ನಲ್ಲಿ ತೆಳುವಾಗಿ ಎರಡು ಮೂರು ಕೋಟ್ ಕೊಡಿ. ಒಂದೇ ಸಲ ದಪ್ಪ ಬಳಿದರೆ ಇಳಿದು ಗೆರೆಯಾಗುತ್ತದೆ. ಬಳಿಯುವಾಗ ಟ್ಯಾಂಕ್ ಮುಚ್ಚಿರಲಿ, ನೀರಿಗೆ ಹನಿ ಬೀಳಬಾರದು.

ಬಾಡಿಗೆ ಮನೆ, ಆಗಾಗ ಬದಲಿಸುವ ಆಸೆ ಅನ್ನುವವರು ಅಂಟು ಇರುವ ವಿನೈಲ್ ಫಿಲ್ಮ್ ತಗೊಳ್ಳಿ. ಸೋಪಿನ ನೀರು ಚಿಮುಕಿಸಿ, ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ. ಫೋನಿಗೆ ಸ್ಕ್ರೀನ್ ಗಾರ್ಡ್ ಹಾಕಿದ ಅನುಭವ ಇದ್ದರೆ ಅದೇ ಕೆಲಸ. ಗಾಳಿ ಉಳಿಯಬಾರದು ಅನ್ನೋದು ಬರೀ ಅಂದಕ್ಕಲ್ಲ. ಗಾಜಿನ ಹಿಂದೆ ಗಾಳಿಯ ಪದರ ಇದ್ದರೆ, ನೀರಿನ ಕಡೆಯಿಂದ ಸುಮಾರು 49 ಡಿಗ್ರಿಗಿಂತ ಓರೆಯಾಗಿ ಬಂದ ಬೆಳಕು ಹೊರಗೆ ಹೋಗದೆ ಪೂರ್ತಿ ಪ್ರತಿಫಲಿಸುತ್ತದೆ. ಪಕ್ಕದ ಗಾಜಿನಿಂದ ಇಣುಕಿದರೆ ಹಿಂಬದಿ ಕನ್ನಡಿಯಾಗಿ ಕಾಣುವುದು ಇದಕ್ಕೇ. ಒಳಗಿರುವ ಮೀನಿಗೂ ಹಾಗೇ. ಬೆಟ್ಟಾ ಥರದ ಜಗಳಗಂಟ ಮೀನು ತನ್ನ ಬಿಂಬವನ್ನೇ ಶತ್ರು ಅಂತ ತಿಳಿದು ರೆಕ್ಕೆ ಬಿಚ್ಚಿ ದಣಿಯುತ್ತದೆ. ಬಣ್ಣ ಅಥವಾ ಫಿಲ್ಮ್ ಗಾಜಿಗೆ ಅಂಟಿಯೇ ಕೂತರೆ ಈ ಕನ್ನಡಿ ಬಹುಪಾಲು ಹೋಗುತ್ತದೆ.

ಪೋಸ್ಟರೇ ಇರಲಿ ಅನ್ನುವವರು ಗಾಳಿ ಓಡಿಸೋಕೆ ಗಾಜಿಗೂ ಅದಕ್ಕೂ ನಡುವೆ ತೆಳುವಾಗಿ ಎಣ್ಣೆ ಸವರುವುದುಂಟು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಅದು 24 ಡಿಗ್ರಿ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ, ಹೀಟರ್ ಇಲ್ಲದ ಟ್ಯಾಂಕಿನ ಹಿಂದೆ ಹವಳದ ದ್ವೀಪಕ್ಕೆ ಹಿಮ ಬಿದ್ದ ಹಾಗೆ ಕಾಣುತ್ತದೆ.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ. ನಾವು ತರುವ ಮೀನಿನ ಊರು ಯಾವ ಬಣ್ಣದ್ದು? ಟ್ಯಾಂಕಿನ ಹಿಂದೆ ಏನಿದೆ, ಗೋಡೆಯಾ, ಕಿಟಕಿಯಾ, ಜನ ಓಡಾಡುವ ದಾರಿಯಾ? ಇದರ ಮುಂದೆ ಹೆಚ್ಚು ಹೊತ್ತು ಕೂರುವವರು ಯಾರು, ಅವರ ಕಣ್ಣು ಹೇಗಿದೆ? ಮೂರನೇ ಪ್ರಶ್ನೆಯನ್ನು ಯಾವ ಅಂಗಡಿಯವರೂ ಕೇಳಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು. ಅಂದಹಾಗೆ, ಗ್ಲಾಕೋಮಾ ಇರುವವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಅದು ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಶುರುವಿನಲ್ಲಿ ನೋವೂ ಇರಲ್ಲ, ಸೂಚನೆಯೂ ಇರಲ್ಲ. ನಾನು ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಂಡು ಬಂದೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಇದ್ದರೆ ನೀವೂ ಮಾಡಿಸಿ.

ಈಗ ದಿನಾ ಬೆಳಗ್ಗೆ ಫ್ಯಾಮಿಲಿ ಗ್ರೂಪಿಗೆ ಅಪ್ಪನ ವಾಯ್ಸ್ ಮೆಸೇಜ್ ಬರುತ್ತದೆ. ಗುಡ್ ಮಾರ್ನಿಂಗ್ ಇಲ್ಲ, ಹೂವಿನ ಫೋಟೋ ಇಲ್ಲ. "ಇವತ್ತು ಹನ್ನೆರಡು" ಅಂತ, ಅಷ್ಟೇ. ಕಳೆದ ವಾರ ಒಂದು ದಿನ ಸ್ಟ್ಯಾಂಡಪ್ ಮೀಟಿಂಗ್ ಮುಗಿಸಿ ಫೋನ್ ತೆಗೆದರೆ "ಹನ್ನೊಂದು" ಅಂತ ಇತ್ತು. ಇಡೀ ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಮತ್ತೆ ಶುರುವಾಯಿತಾ, ಕಣ್ಣು ಇನ್ನಷ್ಟು ಹೋಯಿತಾ ಅಂತ.

ಸಂಜೆ ಮನೆಗೆ ಬಂದು ಶೂ ಕೂಡ ಬಿಚ್ಚದೆ ಟ್ಯಾಂಕ್ ಹತ್ತಿರ ಹೋದೆ. ಫಿಲ್ಟರ್ ಪೈಪಿನ ಬುಡದಲ್ಲಿ ಒಂದು ಟೆಟ್ರಾ ಸತ್ತು ಬಿದ್ದಿತ್ತು. ಅದನ್ನು ಜಾಲರಿಯಲ್ಲಿ ತೆಗೆದು, ಉಳಿದವನ್ನು ಎಣಿಸಿದೆ.

ಹನ್ನೊಂದು. ಅಪ್ಪನ ಲೆಕ್ಕ ಸರಿಯಾಗಿತ್ತು.